ಭಾವನೆದುರಿನ ಮೌನಕ್ಕೆ ಕೊಟ್ಟ ಔಷಧಿ

ನನ್ನ ಅಕ್ಕ ಮೂಕಿಯಲ್ಲ. ಹೆಬ್ಬಾಳದ ದ್ರಾಕ್ಷಿತೋಟದಲ್ಲಿ ಆಳುಗಳೊಡನೆ ಅವಳಾಡುತ್ತಿದ್ದ ತಮಾಷೆ ಕೆರೆಯ ಏರಿಯವರೆಗೂ ಕೇಳುತ್ತಿತ್ತು. ಮೂರು ತಿಂಗಳ ಮಗು ತೀರಿಕೊಂಡ ಮೇಲೆ ಅವಳಿಗೆ ನಿದ್ದೆ ಹೋಯಿತು, ಊಟ ಸೇರದಾಯಿತು. ಅತ್ತೆಮನೆಯವರು ಅವಳನ್ನು ಯಶವಂತಪುರದ ಮನೋವೈದ್ಯರೊಬ್ಬರ ಬಳಿಗೆ ಕರೆದೊಯ್ದದ್ದು ಸರಿಯಾಗಿಯೇ ಇತ್ತು. ತಪ್ಪು ನಡೆದದ್ದು ವೈದ್ಯರ ಕೋಣೆಯಲ್ಲಿ.

ಜೊತೆಗೆ ಹೋಗುತ್ತಿದ್ದವರು ಅವಳ ಗಂಡನ ಅಣ್ಣ, ಮನೆಯ ಯಜಮಾನರು. ನಮ್ಮ ಒಕ್ಕಲು ಮನೆಗಳಲ್ಲಿ ಸೊಸೆಯಾದವಳು ಭಾವನೆದುರು ಕೂರುವುದಿಲ್ಲ, ಬಾಯಿ ತೆರೆಯುವುದಿಲ್ಲ. ಹೇಳಬೇಕಾದದ್ದನ್ನು ಬಾಗಿಲ ಮರೆಯಲ್ಲಿ ನಿಂತು ಬೇರೆಯವರಿಂದ ಹೇಳಿಸುತ್ತಾಳೆ. ವೈದ್ಯರು ಆ ಭಾವನನ್ನೇ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಅಕ್ಕನನ್ನು ಪ್ರಶ್ನಿಸಿದರು. ಅವಳು ಸೆರಗು ಹೊದ್ದು ಗೋಡೆಗೊರಗಿ ನಿಂತಳು. ಮಾತಾಡಲಿಲ್ಲ, ತಲೆ ಎತ್ತಲಿಲ್ಲ, ಕೂರೆಂದರೆ ಕೂರಲಿಲ್ಲ. ಇದೆಲ್ಲವನ್ನೂ ಅವರು ರೋಗವೆಂದೇ ತಿಳಿದು ಮಾತ್ರೆ ಕೊಟ್ಟರು. ಅವಳು ಮಂಕಾದಳು. ಮತ್ತೆ ಹೋದಾಗಲೂ ಮಾತಾಡದಿದ್ದುದನ್ನು ಕಂಡು, ತಲೆಗೆ ಕರೆಂಟು ಕೊಡಬೇಕೆಂದು ದಿನ ಗೊತ್ತುಮಾಡಿದರು.

ಆಗ ನಾನು ಎಂ.ಎ. ಓದುತ್ತಿದ್ದೆ. ಸುದ್ದಿ ತಿಳಿದು, ಆ ದಿನ ಅಕ್ಕ ಮತ್ತು ಯಜಮಾನರೊಡನೆ ಜಟಕಾ ಹತ್ತಿದೆ. ಅಕ್ಕನ ಬೀದಿಗೆ ಆಗಷ್ಟೇ ವಿದ್ಯುದ್ದೀಪ ಬಂದಿತ್ತು.

"ನಾನೂ ಬಲ್ಬ್ ತರ ಅತ್ಕಂಡ್ ಉರುದ್ರೆ ಏನ್ ಮಾಡ್ತೀಯೇ?" ಎಂದು ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು.

"ನಿನ್ ಬೆಳಕಲ್ಲಿ ಓದ್ಕೋತೀನಿ."

ಅವಳು ಸೆರಗಿನೊಳಗೆ ನಕ್ಕಳು. ಆದರೆ ನನ್ನ ಕೈ ಬಿಡಲಿಲ್ಲ.

ವೈದ್ಯರಿಗೆ ನಾನು ಹೇಳಿದ್ದು ಇಷ್ಟೇ: "ಯಜಮಾನ್ರು ಸ್ವಲ್ಪ ಹೊರಗಿರಲಿ ಸಾರ್. ಆಮೇಲೆ ಅಕ್ಕನ್ನ ಕೇಳಿ."

"ರೋಗಿ ಕಡೆಯೋರು ಇರಲೇಬೇಕು. ನೀನೇನು ಡಾಕ್ಟರಾ ಅಮ್ಮ?"

"ಅಲ್ಲ. ನಾನೂ ರೋಗಿ ಕಡೆಯವಳೇ."

ಯಜಮಾನರು ಕೆಟ್ಟವರಲ್ಲ. "ನಾನ್ ಕುಂತಿದ್ರೆ ಅವ್ಳು ಎಂಗ್ ಮಾತಾಡ್ತಾಳೆ ಸ್ವಾಮಿ? ನಿಮ್ಗೆ ಗೊತ್ತಿರ್ತದೆ ಅಂದ್ಕಂಡಿದ್ದೆ," ಎಂದು ಟವೆಲು ಕೊಡವಿ ಹೊರನಡೆದರು.

ಬಾಗಿಲು ಮುಚ್ಚಿತು. ಅಕ್ಕ ಕೂತಳು.

"ಮಗ ಓಗ್ಬುಡ್ತು ಡಾಕ್ಟ್ರೇ. ಎದೆಯಾಲು ಇಂಗೋಕ್ ಮುಂಚೆ ತೊಟ್ಲು ಅಟ್ಟಕ್ಕೇರಿಸಿದ್ರು. ಅದ್ರ ಮಾತು ಯಾರೂ ಎತ್ತಲ್ಲ. ನಂಗೆ ಅಳೋಕೆ ಜಾಗ ಇಲ್ಲ. ನಿಮ್ ಮಾತ್ರೆ ತಕಂಡ್ರೆ ಅಳೂನೂ ಬರಲ್ಲ."

ವೈದ್ಯರ ಮುಖ ಅರಳಿತು. "ನೋಡಿದ್ಯಾ? ಮಾತ್ರೆ ಕೆಲಸ ಮಾಡಿದೆ, ಮಾತು ಬಂತು. ಕರೆಂಟು ಕೊಟ್ರೆ ಪೂರ್ತಿ ಗುಣ."

"ಮಾತು ಬಂದದ್ದು ಆ ಬಾಗಿಲು ಮುಚ್ಚಿದ್ದರಿಂದ ಸಾರ್. ಅದನ್ನ ಮುಚ್ಚಬೇಕು ಅಂತ ನಿಮಗೆ ಯಾಕೆ ತೋಚಲಿಲ್ಲ?"

"ಹೆಚ್ಚು ಮಾತಾಡೋರು ಬೇರೆ ಡಾಕ್ಟರನ್ನ ನೋಡ್ಕೊಳ್ಳಿ."

ನನಗೆ ಔಷಧಿಯ ಮೇಲೆ ದ್ವೇಷವಿಲ್ಲ. ವಿಜ್ಞಾನದ ಮೇಲಂತೂ ಇಲ್ಲವೇ ಇಲ್ಲ. ಆದರೆ ರೋಗಿಯ ಬಾಯಿ ಯಾರೆದುರು ಕಟ್ಟುತ್ತದೆಂಬುದನ್ನು ವಿಚಾರಿಸದವನಿಗೆ ಅವಳ ತಲೆಯನ್ನು ಮುಟ್ಟುವ ಅಧಿಕಾರವನ್ನು ಕೊಟ್ಟವರು ಯಾರು? ಪದವಿಯೇ? ಹಾಗಾದರೆ ಆ ಪದವಿಯನ್ನು ಕೊಟ್ಟವರೂ ಉತ್ತರಿಸಲಿ. ಅಂದು ಉತ್ತರ ಸಿಗಲಿಲ್ಲವೆಂದು ಪ್ರಶ್ನೆಯನ್ನು ನಾನು ಹಿಂತೆಗೆದುಕೊಂಡಿಲ್ಲ.

ಹೊರಗೆ ಜಗಲಿಯ ಮೇಲೆ ಯಜಮಾನರು ಕಾದಿದ್ದರು. ಕರೆಂಟು ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಅವರೇ. ಅಕ್ಕ ಸೆರಗು ಹೊದ್ದು ನನ್ನ ಬೆನ್ನ ಹಿಂದೆ ನಿಂತಳು. ಆದರೆ ಇಡೀ ಜಗಲಿಗೆ ಕೇಳುವಂತೆ ಹೇಳಿದಳು:

"ನಂಗೆ ಕರೆಂಟು ಬ್ಯಾಡ ಅಂತ ಏಳೇ ಬಾವ್ನೋರಿಗೆ."

ಯಜಮಾನರು ನನ್ನನ್ನೇ ನೋಡುತ್ತ ಅಂದರು: "ಬ್ಯಾಡ ಅಂದ್ಮೇಲೆ ಬ್ಯಾಡ. ಗಾಡಿ ಅತ್ತೋಕೆ ಏಳವ್ವ ಅವ್ಳಿಗೆ."