ಟೀಚರ್ ಫೋನಿನ ಇಂಗ್ಲಿಷ್

ಮನೆಯವರು ಅವಳನ್ನು ಪಟಾಕಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಬಾಯಿ ತೆರೆದಳೆಂದರೆ ಎದುರಿನವರಿಗೆ ಉಸಿರಾಡಲೂ ಸಂದು ಸಿಗುತ್ತಿರಲಿಲ್ಲ. ಅಂಥವಳು ಕಾಲೇಜು ಮುಗಿಸಿ, ಫೆಲೋಶಿಪ್ ಗಿಟ್ಟಿಸಿ, ಪರದೇಶದ ಶಾಲೆಯೊಂದಕ್ಕೆ ಇಂಗ್ಲಿಷ್ ಕಲಿಸಲು ಹೊರಟಾಗ ಚಿಕ್ಕಪ್ಪ, "ನೋಡ್ತಿರಿ, ವರ್ಷ ತುಂಬೋದ್ರೊಳಗೆ ಗಂಟುಮೂಟೆ ಕಟ್ಕೊಂಡು ವಾಪಸ್ ಬರ್ತಾಳೆ" ಎಂದು ನೆಂಟರಿಗೆಲ್ಲ ಸಾರಿದ. ಅವನ ಮಾತು ನಿಜವಾಗಬಾರದು ಎಂಬುದೊಂದೇ ಅವಳ ಹಟ.

ಅವಳಿಗೆ ಆ ದೇಶದ ಭಾಷೆ ಬಾರದು, ಮಕ್ಕಳಿಗೆ ಅದು ಬಿಟ್ಟು ಬೇರೊಂದು ಬಾರದು. ಪುಸ್ತಕ ಹಿಡಿದು "ದಿಸ್ ಈಸ್ ಎ ಪೆನ್" ಎಂದರೆ ತರಗತಿಯೇ ಆಕಳಿಸುತ್ತಿತ್ತು. ದಿನಾ ಪಾಠದ ನಡುವೆಯೇ ಅಮ್ಮನ ಫೋನು ಬೇರೆ. ಎಷ್ಟು ಹೇಳಿದರೂ ಅಲ್ಲಿನ ಗಡಿಯಾರ ಅಮ್ಮನ ತಲೆಗೆ ಹೋಗಲಿಲ್ಲ. ಪಟಾಕಿ ಕಿಟಕಿಯ ಬಳಿ ನಿಂತು ಜಗಳವಾಡುವಾಗ, ಅಳುವಾಗ, ಬಿದ್ದುಬಿದ್ದು ನಗುವಾಗ ಮಕ್ಕಳು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಪುಸ್ತಕದ್ದು ಪರೀಕ್ಷೆಯ ಇಂಗ್ಲಿಷ್, ಫೋನಿನದ್ದೇ ಅಸಲಿ ಇಂಗ್ಲಿಷ್ ಎಂದು ತಮ್ಮತಮ್ಮಲ್ಲೇ ತೀರ್ಮಾನಿಸಿಬಿಟ್ಟರು. ನಾಲ್ಕು ಮಾತು ಆಡಿಯೂ ತೋರಿಸಿದರು. ಪಾಪ, ನನ್ನ ಮೇಲಿನ ಪ್ರೀತಿಗೆ ಕಲಿತಿವೆ ಎಂದು ಅವಳು ಉಬ್ಬಿಹೋಗಿ, ಅದೇ ಭಾಷೆಯಲ್ಲಿ ಉತ್ತರ ಕೊಡುತ್ತ ಬಂದಳು.

ಒಂದು ದಿನ ಫೆಲೋಶಿಪ್ ಕಚೇರಿಯ ಅಧಿಕಾರಿ ಶಾಲೆಯ ಹೆಡ್‌ಮಿಸ್ಸಿನ ಜೊತೆ ತಪಾಸಣೆಗೆ ಬಂದ. ಮಕ್ಕಳು ಇಂಗ್ಲಿಷಿನಲ್ಲಿ ಬಾಯಿ ಬಿಡದಿದ್ದರೆ ಟೀಚರನ್ನು ಊರಿಗೆ ಕಳಿಸುವುದೆಂದು ಮೊದಲೇ ಮಾತಾಗಿತ್ತು.

"ಹೌ ಆರ್ ಯೂ?" ಎಂದ ಅಧಿಕಾರಿ.

"ಊಟ ಆಯ್ತಾ?" ಎಂದಿತು ಇಡೀ ತರಗತಿ.

"ವಾಟ್ ಈಸ್ ಯುವರ್ ನೇಮ್?"

ಮುಂದಿನ ಬೆಂಚಿನ ಹಲ್ಲುಬ್ಬಿ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಎದ್ದಳು. "ಅಯ್ಯೋ, ಸುಮ್ನೆ ತಲೆ ತಿನ್ಬೇಡಮ್ಮ! ಚಿಕ್ಕಪ್ಪಂಗೆ ಹೇಳು, ನಾನು ಬರಲ್ಲ!"

ಅಧಿಕಾರಿ ಬೆವರು ಒರೆಸಿಕೊಂಡ. ಅವನೂ ಆ ದೇಶದವನೇ, ಅವನ ಇಂಗ್ಲಿಷೂ ಪುಸ್ತಕದ್ದೇ. "ಇಷ್ಟು ವೇಗದ್ದು ನನಗೇ ಅರ್ಥ ಆಗಲ್ಲ" ಎಂದು ಹೆಡ್‌ಮಿಸ್ಸಿನ ಕೈ ಕುಲುಕಿದ.

ಪಟಾಕಿ ಸುಮ್ಮನಿದ್ದರೆ ಗೆದ್ದಿದ್ದಳು. ಸುಮ್ಮನಿರುವ ವಿದ್ಯೆಯೊಂದೇ ಅವಳಿಗೆ ಒಲಿದಿರಲಿಲ್ಲ. "ಸರ್, ಇದು ಇಂಗ್ಲಿಷ್ ಅಲ್ಲ, ನಮ್ಮನೆ ಮಾತು. ಇಂಗ್ಲಿಷ್ ಅಂದ್ರೆ ಈ ಪುಸ್ತಕದಲ್ಲಿರೋದು" ಎಂದುಬಿಟ್ಟಳು.

ಹೆಡ್‌ಮಿಸ್ಸು ಅದನ್ನು ಮಕ್ಕಳ ಭಾಷೆಗೆ ತಿರುಗಿಸಿ ಹೇಳಿದಾಗ ಟೀಚರ್ ತಮಾಷೆ ಮಾಡುತ್ತಿದ್ದಾಳೆಂದು ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಅಧಿಕಾರಿಯೂ ನಕ್ಕ. ಹಲ್ಲುಬ್ಬಿ ಮಾತ್ರ ನಗಲಿಲ್ಲ. ಹತ್ತಿರ ಬಂದು, ಪಟಾಕಿಯ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ, ಒಂದೊಂದೇ ಮಾತು ಹುಡುಕಿ ಹುಡುಕಿ ಹೇಳಿದಳು:

"ಸುಳ್ಳು ಹೇಳ್ಬೇಡ. ಇದ್ರಲ್ಲಿ ನೀನು ನಗಲ್ಲ. ಅಳಲ್ಲ."

ಆ ದೇಶದಲ್ಲಿ ಯಾರೂ ಅವಳನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಪಟಾಕಿಗೆ ದುಃಖ ಉಕ್ಕಿ ಬಂತು. "ಅಯ್ಯೋ ನನ್ನ ಬಂಗಾರ" ಎಂದು ಹುಡುಗಿಯನ್ನು ತಬ್ಬಿಕೊಂಡು, ಬಾಯಿಗೆ ಬಂದದ್ದೆಲ್ಲ ಹೇಳಿಕೊಂಡು ಅತ್ತಳು. ಟೀಚರ ಇಂಗ್ಲಿಷ್ ಬಹಳ ಚೆನ್ನಾಗಿದೆ ಎಂದು ಬರೆದುಕೊಂಡ ಅಧಿಕಾರಿ, ಇನ್ನೊಂದು ವರ್ಷಕ್ಕೆ ರುಜು ಹಾಕಿದ.