ನೇರಪ್ರಸಾರದಲ್ಲಿ ಸಿಕ್ಕಿಬಿದ್ದೆ

ಅಂದು ಬೆಳಿಗ್ಗೆ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು, ಹಾಲು ಕಾಸಿ, ಹೋಳಿಗೆಗೆ ಬೇಳೆ ಬೇಯಲು ಇಟ್ಟೆ. ತಿಕೋಟಾದ ನಮ್ಮ ಮನೆಯಲ್ಲಿ ಅತ್ತೆಯವರ ಮೊದಲ ಪುಣ್ಯತಿಥಿ. ಅವರ ತಂಗಿ, ಬಬಲೇಶ್ವರದ ಚಿಕ್ಕತ್ತೆ, ಕಾಲು ಮುರಿದುಕೊಂಡು ಮಲಗಿದ್ದರು. ಅವರು ನೋಡಲೆಂದೇ ಫೇಸ್‌ಬುಕ್ಕಿನಲ್ಲಿ ನೇರಪ್ರಸಾರಕ್ಕೆ ಸಿದ್ಧಳಾಗಿದ್ದೆ. ‘ಹನ್ನೊಂದಕ್ಕೆ ಪೂಜೆ. ದಯವಿಟ್ಟು ಯಾರೂ ನಗುವ ಇಮೋಜಿ ಹಾಕಬೇಡಿ’ ಎಂದು ನಾಲ್ಕು ಸಲ ತಿದ್ದಿ ಪ್ರಕಟಣೆಯನ್ನೂ ಹಾಕಿದ್ದೆ.

ಹತ್ತೂವರೆಗೆ ಫೋನನ್ನು ಅತ್ತೆಯವರ ಫೋಟೊದ ಎದುರು ನಿಲ್ಲಿಸಿ ನೇರಪ್ರಸಾರದ ಗುಂಡಿಯನ್ನು ಒಮ್ಮೆ ಒತ್ತಿದೆ. ಶುರುವಾದಂತೆ ಕಾಣಲಿಲ್ಲ. ಎಡೆಯ ತಟ್ಟೆ ತಂದಿಟ್ಟೆ. ಹೂರಣಕ್ಕೆ ಬೆಲ್ಲ ಸಾಕಾಯಿತೋ ಇಲ್ಲವೋ ಎಂಬ ಅನುಮಾನ. ಅತ್ತಿತ್ತ ನೋಡಿ, ಎಡೆಯ ಹೋಳಿಗೆಯ ಅಂಚು ಮುರಿದು ಬಾಯಿಗೆ ಹಾಕಿಕೊಂಡೆ. ಮುರಿದ ಜಾಗವನ್ನು ಅನ್ನದಿಂದ ಮುಚ್ಚಿದೆ.

ಕೂಡಲೇ ಯಜಮಾನರ ಫೋನಿಗೆ ಚಿಕ್ಕತ್ತೆಯ ಕರೆ ಬಂತು. ನಾನೇ ಎತ್ತಿಕೊಂಡೆ.

“ಏ ಯವ್ವಾ, ಎಡಿ ಹಿಡಿಯೂದ್ರೊಳಗ ನೀನ ತಿಂದೆಲ್ಲ ಬೇ! ಎಲ್ಲಾರೂ ನೋಡಾಕತ್ತೇವಿ!”

ವರ್ಷದ ಎಡೆಯನ್ನೇ ಎಂಜಲು ಮಾಡಿ ಅತ್ತೆಯವರಿಗೆ ಅವಮಾನ ಮಾಡಿಬಿಟ್ಟೆನಲ್ಲ! ಆದರೆ ಆ ಕಡೆಯಿಂದ ಕೇಳಿದ್ದು ನಗು.

“ಅಂಜಬ್ಯಾಡ. ನಮ್ಮಕ್ಕನೂ ಹಿಂಗ ಕದ್ದು ತಿಂತಿದ್ಲು. ಆಕೀನ ಬಂದಾಳೇನೋ ಅನ್ನಿಸ್ತು.”

ಫೋನಿನಲ್ಲಿ ನಗುವ ಇಮೋಜಿಗಳ ಸುರಿಮಳೆ. ಬೇರೆ ಹೋಳಿಗೆ ಇಡುತ್ತ, ಫೋಟೊದ ಮುಂದೆ ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಸಂಜೆ ಪಕ್ಕದ ಮನೆಯ ಕಮಲಾಬಾಯಿ ಒಣಗಿದ ಬಟ್ಟೆ ಮಡಚುತ್ತ ಅಂದರು: “ಮುಂದಿನ ತಿಂಗಳ ನಮ್ಮ ಮಾವನವ್ರ ತಿಥಿ ಐತ್ರಿ. ಮೊಬೈಲ್ ನೀವ ಹಚ್ಚಿ ಕೊಡ್ರಿ. ನೀವು ಹಚ್ಚಿದ್ರ ನೋಡೂ ಮಂದಿ ಪೂಜಿ ನಡುವ ಎದ್ದು ಹೋಗೂದಿಲ್ಲ.”