ನಾಲ್ಕು ವಾಲ್ವಿನ ಎಂಜಿನ್

ಬಾಗಲಕೋಟೆಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ, ಎಲ್ಲರೆದುರು, ನಾನು ನನ್ನ ಉಸ್ತಾದರ ಕಪಾಳಕ್ಕೆ ಹೊಡೆದೆ. ಮಿಸ್ತ್ರಿ ಕೆಲಸವನ್ನು ಅ ಆ ಇ ಈ ಇಂದ ಕಲಿಸಿದ ಮನುಷ್ಯ ಅವರು. ಇಳಕಲ್ಲಿನ ಮುಸಲ್ಮಾನರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ.

ಊರಿಗೆ ಇನ್ನೂ ಕರೆಂಟು ಬಂದಿರದ ಕಾಲ. ಉಸ್ತಾದರು ನಡೆಸುತ್ತಿದ್ದ ಹಳೆಯ ಎಣ್ಣೆ ಎಂಜಿನ್ನಿನ ಸಿಲಿಂಡರಿಗೆ ಎರಡೇ ವಾಲ್ವು: ಒಂದು ಗಾಳಿ ಎಳೆದುಕೊಳ್ಳಲು, ಇನ್ನೊಂದು ಹೊಗೆ ಉಗುಳಲು. ಜಿನ್ನಿನ ಧಣಿಗಳು ಮುಂಬಯಿಯಿಂದ ತರಿಸಿ ನನಗೆ ಒಪ್ಪಿಸಿದ ಎಂಜಿನ್ನಿಗೆ ಎಳೆಯಲು ಎರಡು, ಉಗುಳಲು ಎರಡು. ಸಿಲಿಂಡರು ಅಷ್ಟೇ ಗಾತ್ರದ್ದು, ಆದರೆ ಎಷ್ಟು ವೇಗವಾಗಿ ಓಡಿಸಿದರೂ ಅದು ಏದುಸಿರು ಬಿಡುತ್ತಿರಲಿಲ್ಲ. ಎರಡಕ್ಕೂ ಒಂದೇ ಅಳತೆಯ ಎಣ್ಣೆ ಹಾಕಿ ಒಂದು ದಿನ ಓಡಿಸುವುದು, ಹೆಚ್ಚು ಹತ್ತಿ ಬಿಡಿಸಿದ್ದು ಗೆದ್ದಂತೆ, ಸೋತ ಎಂಜಿನ್ನನ್ನೂ ಅದರ ಮಿಸ್ತ್ರಿಯನ್ನೂ ಕಳಿಸಿಬಿಡುವುದು ಎಂದು ಧಣಿಗಳು ಹೇಳಿದರು.

ಪಂದ್ಯದ ದಿನ ಬೆಳಿಗ್ಗೆ ನಾನು ವಾಲ್ವುಗಳನ್ನು ಉಜ್ಜಿ ಕೂಡಿಸುತ್ತಿದ್ದಾಗ ಉಸ್ತಾದರು ಬಂದು ಹಿಂದೆ ನಿಂತರು.

"ನಾಕು ವಾಲ್ವ ಅಂದ್ರ ನಾಕು ಕಡೆ ಕೆಡೂದು. ನಿನ್ನ ಕೈ ಇನ್ನೂ ಎರಡಕ್ಕ ಪಳಗಿಲ್ಲಲೇ," ಎಂದರು.

"ನಿಮ್ಮ ಎಂಜಿನ್ ನೆಗಡಿ ಬಂದ ಮುದುಕನಂಗ ಉಸಿರಾಡತೈತಿ. ನೀವೂ ಹಂಗ ಆಗೀರಿ," ಎಂದೆ.

ಅವರು ನನ್ನ ಕೊರಳಪಟ್ಟಿ ಹಿಡಿದರು. ಆಗಲೇ ನಾನು ಹೊಡೆದದ್ದು. ತುಟಿ ಒಡೆದು ರಕ್ತ ಗಡ್ಡಕ್ಕೆ ಇಳಿಯಿತು. ಅವರು ಒರೆಸಿಕೊಂಡು ತಮ್ಮ ಎಂಜಿನ್ನಿನ ಕಡೆ ಹೋದರು. ಸಿಟ್ಟಿನಲ್ಲೇ ನಾನು ಉಳಿದ ಕೆಲಸ ಮುಗಿಸಿದೆ.

ಮಧ್ಯಾಹ್ನದವರೆಗೂ ನನ್ನ ಎಂಜಿನ್ನೇ ಮುಂದಿತ್ತು. ನಾನು ಅವರ ಕಡೆ ನೋಡಿ ಮೀಸೆ ತಿರುವಿದೆ. ಅಷ್ಟರಲ್ಲಿ ನನ್ನ ಎಂಜಿನ್ನಿನೊಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯತೊಡಗಿತು. ಒಂದು ವಾಲ್ವು ಕಳಚಿ ಸಿಲಿಂಡರಿನೊಳಗೆ ಬಿದ್ದು, ಪಿಸ್ಟನ್ ಅದನ್ನು ಗುದ್ದುತ್ತಿತ್ತು. ನಾನು ಮರಗಟ್ಟಿ ನಿಂತೆ.

"ಎಣ್ಣಿ ಬಂದ್ ಮಾಡಲೇ!" ಎಂದು ಕೂಗುತ್ತ ಓಡಿ ಬಂದ ಉಸ್ತಾದರು ನನ್ನನ್ನು ಒದ್ದು ಕೆಡವಿ, ತಾವೇ ಎಣ್ಣೆಯ ನಳಕ್ಕೆ ಕೈ ಹಾಕಿದರು. ವಾಲ್ವನ್ನು ಒತ್ತುವ ಕಬ್ಬಿಣದ ತೋಳು ಮುರಿದು ಹಾರಿ ಅವರ ಬಲಗೈಗೆ ಬಡಿಯಿತು. ಎಂಜಿನ್ ನಿಂತಾಗ ಮೂರು ಬೆರಳು ನೆಲದ ಮೇಲಿದ್ದವು.

ಧಣಿಗಳು ಬಂದು ಯಾರ ತಪ್ಪು ಎಂದು ಕೇಳಿದರು.

"ಎಂಜಿನ್ನಿಂದು," ಎಂದರು ಉಸ್ತಾದರು. "ನಾಕು ವಾಲ್ವಿಂದು ಇಷ್ಟ ಹಣೇಬರಾ. ಗುಜರಿಗೆ ಹಾಕ್ರಿ."

ದವಾಖಾನೆಯಲ್ಲಿ ಕಟ್ಟು ಹಾಕಿಸಿಕೊಂಡ ಮೇಲೆ ಅವರು ಎಡಗೈ ಮುಷ್ಟಿ ಬಿಚ್ಚಿದರು. ವಾಲ್ವಿನ ಸ್ಪ್ರಿಂಗನ್ನು ಹಿಡಿದಿಡುವ ಪಿನ್ನು ಅದರಲ್ಲಿತ್ತು; ಎಂಜಿನ್ನಿನ ಬುಡದಿಂದ ಹೆಕ್ಕಿಕೊಂಡಿದ್ದರು. ಜಾರದಂತೆ ಅದರ ತುದಿ ಬಗ್ಗಿಸಬೇಕು. ಸಿಟ್ಟಿನಲ್ಲಿ ನಾನು ಬಗ್ಗಿಸಿರಲೇ ಇಲ್ಲ. ಕಾಲು ಹಿಡಿಯಲು ಬಾಗಿದೆ. ಅವರು ಎಡಗೈಯಿಂದ ಹೊಡೆದರು, ಕಿವಿ ಗುಂಯ್ ಎನ್ನುವ ಹಾಗೆ, ಮತ್ತೆ ಮತ್ತೆ ಹೊಡೆದರು.

"ಧಣ್ಯಾರ ಮುಂದ ಯಾಕ ಹೇಳಲಿಲ್ರಿ?"

"ನಿನಗ ಕಲಿಸಿದವ ನಾ. ಪಿನ್ನ ಬಗ್ಗಸೂದು ಬರದವನ್ನ ತಯಾರ ಮಾಡೀನಿ ಅಂತ ಊರ ಮುಂದ ಹೇಳ್ಕೊಳ್ಳಲೇನು?"

ಎರಡು ವಾಲ್ವಿನ ಎಂಜಿನ್ನೇ ಗೆದ್ದಿತು. ಆದರೆ ಅದನ್ನು ನಡೆಸಲು ಉಸ್ತಾದರಿಗೆ ಬೆರಳಿರಲಿಲ್ಲ, ಊರಲ್ಲಿ ಬೇರೆ ಮಿಸ್ತ್ರಿಯೂ ಇರಲಿಲ್ಲ. ಮರುದಿನ ಬೆಳಿಗ್ಗೆ ಧಣಿಗಳು ನಟ್ಟು ತಿರುವುವ ಉಸ್ತಾದರ ಪಾನಾ ನನ್ನ ಕೈಗೆ ಕೊಟ್ಟರು. ನಾಚಿಕೆಗೆಟ್ಟವನು ನಾನು, ತೆಗೆದುಕೊಂಡೆ.